ಕತ್ತಿ ಕೊಟ್ಟವನು

ಜನವರಿ 4, 2024, ಗುರುವಾರ

ನಲವತ್ತು ವರ್ಷ ಬಯಲಾಟ ಕಲಿಸಿದ್ದೇನೆ, ಇಂಥ ದಡ್ಡ ನಾಯಕನನ್ನು ಕಂಡಿಲ್ಲ. ಹೆಸರು ಶುಭ್ರಕೇತು. ಬೆಟ್ಟದ ತುದಿಯಲ್ಲಿ ಹಕ್ಕಿಯೊಂದು ಸಾಕಿ ಬೆಳೆಸಿದ ರಾಜಕುಮಾರ ಅಂತೆ. ಮನುಷ್ಯರನ್ನೇ ನೋಡಿಲ್ಲ, ಸುಳ್ಳು ಅಂದರೆ ಏನೆಂದು ಗೊತ್ತಿಲ್ಲ. ತಾಯಿಹಕ್ಕಿ ಕೊಟ್ಟ ಕತ್ತಿ ಹಿಡಿದು ಕೆಳಗಿಳಿಯುತ್ತಾನೆ. ಎದುರಿಗೆ ಕರಾಳಾಕ್ಷನೆಂಬ ಮಾಂತ್ರಿಕ ಸಿಗುತ್ತಾನೆ. ಪಟ್ಟಣದವರ ನೆರಳನ್ನೆಲ್ಲ ಕದ್ದು ಕೋಟೆಯಲ್ಲಿ ಕೂಡಿಹಾಕಿದವನು. 'ತಮ್ಮಾ, ಕೈ ನೊಂದಿರಬೇಕು, ಕತ್ತಿ ಇತ್ತ ಕೊಡು, ಮುಂದಿನ ಬಾಗಿಲಲ್ಲಿ ತಿರುಗಿ ಕೊಡುತ್ತೇನೆ' ಅನ್ನುತ್ತಾನೆ. ಇವನು ಕೊಡುತ್ತಾನೆ. ಮುಂದಿನ ಬಾಗಿಲಲ್ಲಿ ಕೇಳಿದರೆ ಅದರ ಮುಂದಿನ ಬಾಗಿಲು ಅನ್ನುತ್ತಾನೆ. ಹೀಗೆ ಕೋಟೆಗೆ ಏಳು ಬಾಗಿಲು. ಏಳು ಸಲವೂ ಈ ಮಹಾರಾಯ ನಂಬುತ್ತಾನೆ.

ಬರೆದವಳು ಕ್ರಾಂತಿ, ಕೆಳಗಿನ ಕಾಲನಿಯ ಕೊಟ್ರನ ಮಗಳು. ಕೊಟ್ಟೂರಿನ ಪೋಸ್ಟ್ ಆಫೀಸಿನಲ್ಲಿ ನೌಕರಿ. ಫೋನಿನಲ್ಲಿ ಮಾಯಾಲೋಕದ ಕಥೆ ಬರೆಯುತ್ತಾಳಂತೆ, ಓದುವವರೂ ಇದ್ದಾರಂತೆ. ಹಡಗಲಿಯಲ್ಲಿ ಯಾವುದೋ ಟ್ರಸ್ಟಿನವರು ಬಯಲಾಟದ ಸ್ಪರ್ಧೆ ಇಟ್ಟಿದ್ದಾರೆ, ಫೆಬ್ರವರಿ ಹನ್ನೊಂದಕ್ಕೆ. ಒಂದೊಂದು ಮೇಳಕ್ಕೆ ತೊಂಬತ್ತು ನಿಮಿಷ, ಅದೂ ಹಗಲು ಹೊತ್ತಿನಲ್ಲಿ. ಬಯಲಾಟವನ್ನು ಹಗಲು ಆಡುತ್ತಾರಂತೆ, ನನ್ನ ಕರ್ಮ.

ಕಾಲನಿಯವರ ಮೇಳಕ್ಕೆ ಈ ಆಟ ಕಲಿಸಲು ಒಪ್ಪಿಕೊಂಡಿದ್ದೇನೆ. ಗುರುಬಸವರಾಜ ನಮ್ಮ ಊರ ಮೇಳದ ಯಜಮಾನಿಕೆ ಹಿಡಿದ ಮೇಲೆ 'ಮಾಸ್ತರಿಗೆ ವಯಸ್ಸಾತು' ಎಂದು ನನ್ನನ್ನು ಬಿಟ್ಟು ದಾವಣಗೆರೆ ಕಡೆಯವನೊಬ್ಬನನ್ನು ಕರೆಸಿದ. ಎರಡು ವರ್ಷದಿಂದ ನನ್ನ ಹಾರ್ಮೋನಿಯಂ ಗೂಡು ಸೇರಿದೆ. ಈ ಆಟ ಬಿದ್ದರೆ ಬೆನಕಪ್ಪ ಮಾಸ್ತರ ಮುಗಿದ ಅಂತಲೇ ಲೆಕ್ಕ. ಗೆದ್ದರೆ ಗುರುಬಸವರಾಜ ನನ್ನ ಬಾಗಿಲಿಗೆ ಬರುತ್ತಾನೆ. ಅದಕ್ಕಾಗಿ ಈ ದಡ್ಡನನ್ನು ಸಹಿಸಬೇಕು.

ಜನವರಿ 7, ಭಾನುವಾರ

ಕಾಲನಿಯ ಸಮುದಾಯ ಭವನದಲ್ಲಿ ಮೊದಲ ತಾಲೀಮು. ಹೆಂಡತಿ ನಾಗಲಿಂಗಮ್ಮ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಟ್ಟಳು, ನೀರಿನ ಬಾಟಲಿಯನ್ನೂ. ಅಲ್ಲಿ ಏನೂ ಮುಟ್ಟುವುದಿಲ್ಲ ಎಂದು ನಾನೇ ಹೇಳಿದ್ದು. ನಾಗಲಿಂಗಮ್ಮ ಮುಚ್ಚಳ ಜೋರಾಗಿ ತಿರುವಿದಳು.

ನಾಯಕನ ಪಾತ್ರಕ್ಕೆ ಹುಲುಗೇಶ್, ಕೊಟ್ರನ ತಮ್ಮನ ಮಗ. ಬಸ್ ಕಂಡಕ್ಟರ್. ದನಿ ಇದೆ, ಎತ್ತರ ಇದೆ. ಮಾಂತ್ರಿಕನಿಗೆ ಮೈಲಪ್ಪ, ಕರೆಂಟ್ ಲೈನ್‌ಮನ್. ಕೊಟ್ರ ಬಾಗಿಲ ಹತ್ತಿರ ಕೂತಿದ್ದ. ಅರವತ್ತೆಂಟಾಗಿರಬೇಕು ಅವನಿಗೆ. ನನ್ನನ್ನು ನೋಡಿ ಎದ್ದು ನಿಂತು "ಬರ್ರಿ ಮಾಸ್ತರ್ರ" ಎಂದ. ಹಿಂದೆ ಹನ್ನೊಂದು ವರ್ಷ ನಮ್ಮ ಮೇಳದ ಪೆಟ್ಟಿಗೆ ಹೊತ್ತವನು. ನಾನು ತಲೆಯಾಡಿಸಿ ಒಳಗೆ ಹೋದೆ.

ಕ್ರಾಂತಿಗೂ ನನಗೂ ಮೊದಲ ದಿನವೇ ಹತ್ತಿಕೊಂಡಿತು.

"ನೋಡವ್ವ," ಎಂದೆ, "ನಾಯಕ ಬಂದ ಕೂಡ್ಲೆ ಆಟದ ಅಟ್ಟ ನಡುಗಬೇಕು. ಆಟ ನಡಸೋ ಸಾರಥಿ 'ಯಾರು ನೀನು' ಅಂತ ಕೇಳಿದ್ರ ತಂದಿ, ತಾಯಿ, ರಾಜ್ಯ, ಪರಾಕ್ರಮ ಎಲ್ಲಾ ಗುಡುಗಬೇಕು. ನಿನ್ನ ನಾಯಕ ಏನಂತಾನ? ಗೊತ್ತಿಲ್ಲ ಅಂತಾನ."

"ಗೊತ್ತಿಲ್ದವ ಗೊತ್ತಿಲ್ಲ ಅಂದ್ರ ತಪ್ಪೇನ್ರಿ?"

"ತಪ್ಪಲ್ಲ. ಜನ ಎದ್ದು ಹೋಗ್ತಾರ, ಅಷ್ಟ."

"ಹೋಗಂಗಿಲ್ರಿ ಮಾಸ್ತರ್ರ. ನೋಡಾಕ ಬಂದೋರಿಗೂ ಆ ಪಟ್ಣ ಹೊಸಾದು, ಅವಗೂ ಹೊಸಾದು. ಅವ ಕಲ್ತಂಗ ನಾವೂ ಕಲಿತೀವಿ. ಎಲ್ಲಾ ಗೊತ್ತಿದ್ದವನ ಹಿಂದ ನಾವ್ಯಾಕ ಹೋಗಬೇಕು?"

"ಗೆಲ್ತಾನ ಅಂತ ಹೋಗಬೇಕು."

"ಇವನೂ ಗೆಲ್ತಾನಲ್ರಿ."

ಗೆಲ್ಲುವ ರೀತಿಯನ್ನು ಇಲ್ಲಿ ಬರೆದಿಡುತ್ತೇನೆ, ನಾಳೆ ಯಾರೂ ನಂಬುವುದಿಲ್ಲ. ಒಂದೊಂದು ಸುಳ್ಳಿಗೂ ಆ ಕತ್ತಿ ಮಾಂತ್ರಿಕನ ಕೈಯಲ್ಲಿ ಭಾರವಾಗುತ್ತ ಹೋಗುತ್ತದೆ. ಏಳನೆಯ ಬಾಗಿಲಿಗೆ ಬರುವಷ್ಟರಲ್ಲಿ ಅವನಿಗೆ ಎತ್ತಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಆಗ ನಮ್ಮ ನಾಯಕ ಹೋಗಿ 'ಅಣ್ಣಾ, ಕೈ ನೊಂದಿರಬೇಕು, ಇತ್ತ ಕೊಡು' ಅನ್ನುತ್ತಾನೆ. ಕುಹಕಕ್ಕಲ್ಲ, ನಿಜವಾಗಿಯೂ ಮರುಗಿ. ಮಾಂತ್ರಿಕ ಕುಸಿದು ಬೀಳುತ್ತಾನೆ, ನೆರಳುಗಳು ಮನೆ ಸೇರುತ್ತವೆ. ಒಂದು ಯುದ್ಧವಿಲ್ಲ, ಒಂದು ಏಟಿಲ್ಲ. ಇಂಥವನಿಗೆ ಕಿರೀಟ, ಭುಜಕೀರ್ತಿ ಕಟ್ಟಿ ಏನು ಪ್ರಯೋಜನ?

ಜನವರಿ 9, ಮಂಗಳವಾರ

ಇವತ್ತೂ ಅದೇ ಗೋಳು. ಮೂರನೆಯ ಬಾಗಿಲಲ್ಲಾದರೂ ಇವನಿಗೆ ಒಂದು ಸಣ್ಣ ಅನುಮಾನ ಬರಲಿ ಎಂದು ಹೇಳಿ ನೋಡಿದೆ. "ಅನುಮಾನ ಬಂದ್ರ ಕಥಿ ಮುಗೀತ್ರಿ" ಎಂದಳು ಕ್ರಾಂತಿ. ಬುದ್ಧಿ ಹೇಳುವವರಿಗೆ ಕಾಲವಿಲ್ಲ.

ಜನವರಿ 16, ಮಂಗಳವಾರ

ಸಂಕ್ರಾಂತಿ ಮುಗಿಸಿ ಕ್ರಾಂತಿ ಇನ್ನೂ ಬಂದಿಲ್ಲ, ನೀಲಗುಂದದಲ್ಲಿ ಅತ್ತೆಯ ಮನೆ. ಒಳ್ಳೆಯದೇ ಆಯಿತು. ನಾನು ಒಂದು ಪದ ಕಟ್ಟಿ ಹುಲುಗೇಶನ ಬಾಯಿಗೆ ಹಾಕಿದೆ. 'ಗಡಗಡ ನಡುಗಲಿ ಗಿರಿಗಳು ಏಳು' ಎಂದು ಶುರು. ಎರಡನೆಯ ಬಾಗಿಲಲ್ಲಿ ಕರಾಳಾಕ್ಷನನ್ನು ತಡೆದು, ನಿನ್ನ ಮೋಸ ಬಲ್ಲೆ, ಸಮಯ ಬರಲೆಂದು ಕಾದಿದ್ದೇನೆ ಎಂದು ಹಾಡಬೇಕು. ಹುಲುಗೇಶ್ ಗರ್ಜಿಸಿದ ನೋಡಿ, ಭವನದ ತಗಡು ಅದುರಿತು. ಮೈಲಪ್ಪನಿಗೂ ಹುರುಪು ಬಂತು.

"ಹೆಂಗೈತಿ?" ಎಂದು ಎಲ್ಲರನ್ನೂ ಕೇಳಿದೆ. ಚಲೋ ಐತ್ರಿ ಎಂದರು. ಕೊಟ್ರ ಮಾತ್ರ ನಕ್ಕ. ಅವನದು ಮೊದಲಿನಿಂದಲೂ ಆ ನಗು. ಏನು ಅಂದರೂ ನಗುತ್ತಾನೆ, ಏನು ಹೇಳಿದರೂ ಹೌದ್ರಿ ಅನ್ನುತ್ತಾನೆ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಜನವರಿ 24, ಬುಧವಾರ

ನನ್ನ ಪದದ ಸಂಗತಿ ಗೊತ್ತಾಯಿತು ಕ್ರಾಂತಿಗೆ. ತಾಲೀಮಿನ ನಡುವೆ ಎದ್ದು ಬಂದು ಹಾರ್ಮೋನಿಯಂ ಮೇಲೆ ಕೈ ಇಟ್ಟಳು. ನನ್ನ ಹಾರ್ಮೋನಿಯಂ ಮೇಲೆ. ನನ್ನ ಎಪ್ಪತ್ತೆರಡು ವರ್ಷದಲ್ಲಿ ಯಾರೂ ಹಾಗೆ ಮಾಡಿಲ್ಲ.

"ಇದನ್ಯಾರು ಬರೆದ್ರು?"

"ನಾನು. ಮಾಸ್ತರ ನಾನ ಅದೀನಿ."

"ಕಥಿ ಹಾಳು ಮಾಡಿದ್ರಿ. ಅವ ಮೋಸ ಗೊತ್ತಿದ್ದೂ ಸುಮ್ಮನಿದ್ದ ಅಂದ್ರ, ಅವನೂ ಒಬ್ಬ ಆಟಗಾರ ಆದ. ಕತ್ತಿ ಯಾಕ ಭಾರ ಆಗಬೇಕ್ರಿ ಆಗ?"

"ಹಂಗ ಏಳು ಸಲ ನಂಬೋ ಮನಷ್ಯಾ ಭೂಮಿ ಮ್ಯಾಲ ಇಲ್ಲವ್ವ. ಒಬ್ಬನ್ನ ತೋರಿಸು, ನಾಳೆ ಹಾರ್ಮೋನಿಯಂ ಮಾರಿಬಿಡ್ತೀನಿ."

ಅವಳು ಹಾರ್ಮೋನಿಯಂ ಮೇಲಿನ ಕೈ ತೆಗೆದಳು. ಆಮೇಲೆ ಹೇಳಿದಳು, "ಈ ಕಥಿ ನಂದಲ್ರಿ. ಸಣ್ಣಾಕಿದ್ದಾಗ ಅಪ್ಪ ಹೇಳ್ತಿದ್ದ, ಊಟ ಮಾಡಸೋ ಹೊತ್ತಿನಾಗ. ನಾನು ಬರದೀನಿ ಅಷ್ಟ."

ಕೊಟ್ರ ಬಾಗಿಲಲ್ಲಿ ಕೂತು ತನ್ನ ಮಂಡಿ ನೀವಿಕೊಳ್ಳುತ್ತಿದ್ದ. ತಾಲೀಮು ನಿಲ್ಲಿಸಿ ಮನೆಗೆ ಬಂದೆ.

ಜನವರಿ 25, ಗುರುವಾರ

ರೊಟ್ಟಿ ತಟ್ಟುತ್ತಿದ್ದ ನಾಗಲಿಂಗಮ್ಮನಿಗೆ ನಿನ್ನೆಯದೆಲ್ಲ ಹೇಳಿದೆ, ಆ ಹುಡುಗಿಯ ಸೊಕ್ಕು ಎಷ್ಟಿದೆ ಎಂದು ತಿಳಿಯಲಿ ಅಂತ. ಪೂರ್ತಿ ಕೇಳಿ ಒಲೆಯ ಕಡೆಗೇ ಮುಖ ಮಾಡಿಕೊಂಡು ಅಂದಳು:

"ಏಳಲ್ರಿ, ಹನ್ನೊಂದು. ಹನ್ನೊಂದು ವರ್ಷ ಕೊಟ್ರಬಸಪ್ಪಗ ನೀವ ಹೇಳಿದ್ರಿ, ಮುಂದಿನ ವರ್ಷ ನಾಯಕನ ಪಾತ್ರ ನಿನಗ ಅಂತ."

ನಾನು ರೊಟ್ಟಿ ಬಿಟ್ಟು ಎದ್ದೆ. ಹೆಂಗಸರಿಗೆ ಎಲ್ಲ ನೆನಪಿರುತ್ತದೆ, ಬೇಡದ್ದು ಮಾತ್ರ.

ಜನವರಿ 26, ಶುಕ್ರವಾರ

ತಾಲೀಮಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಜ್ವರವಿಲ್ಲ.

ಜನವರಿ 30, ಮಂಗಳವಾರ

ಹುಲುಗೇಶನಿಗೆ ಹರಪನಹಳ್ಳಿ ರೂಟಿನ ಡ್ಯೂಟಿ ಬಿದ್ದು ಬರಲಿಲ್ಲ. ಮೈಲಪ್ಪ ಒಬ್ಬನೇ ನಿಂತು ಯಾರ ಜೊತೆ ಮಾತಾಡಬೇಕು? "ಲೇ ಕೊಟ್ರ, ಸುಮ್ನ ನಿಂದ್ರು, ಮಾತು ಓದು" ಎಂದೆ. ಓದಬೇಕಾಗಿ ಬರಲಿಲ್ಲ, ಅವನಿಗೆ ಬಾಯಿಗೆ ಬರುತ್ತಿತ್ತು. ಅವನದೇ ಕಥೆಯಲ್ಲವೇ.

ಕೋಟೆಯ ಹೊರಗೆ ಮೊದಲ ಭೇಟಿ. ಮಾಂತ್ರಿಕ ಕತ್ತಿ ಕೇಳುತ್ತಾನೆ. ಹುಲುಗೇಶ್ ಆದರೆ ಕತ್ತಿಯನ್ನು ಒಮ್ಮೆ ಗಾಳಿಯಲ್ಲಿ ಬೀಸಿ ಕೊಡುತ್ತಾನೆ, ನಾನೇ ಹಾಗೆ ಕಲಿಸಿದ್ದು. ಕೊಟ್ರಬಸಪ್ಪ ಮರದ ಕತ್ತಿಯ ಹಿಡಿಕೆಯನ್ನು ಹೆಗಲ ಟವೆಲಿನಿಂದ ಒರೆಸಿದ. ಅಲಗನ್ನು ತನ್ನ ಕಡೆ ಮಾಡಿಕೊಂಡು ಹಿಡಿಕೆಯನ್ನು ಎದುರಿನವನಿಗೆ ಚಾಚಿದ. ಹೊಲದಲ್ಲಿ ಕುಡುಗೋಲು ಕೊಡುವುದು ಹಾಗೆಯೇ, ಇನ್ನೊಬ್ಬರ ಕೈ ಕೊಯ್ಯದಿರಲಿ ಎಂದು. ಕೊಟ್ಟು, "ಹುಷಾರಣ್ಣ, ಹರಿತ ಐತಿ" ಎಂದ. ಅದು ಕ್ರಾಂತಿ ಬರೆದ ಮಾತಲ್ಲ.

ಮೈಲಪ್ಪ ಕತ್ತಿ ಹಿಡಿದು ನಿಂತುಬಿಟ್ಟ, ಮುಂದಿನ ಮಾತು ಮರೆತ. ನಾನೂ ಎತ್ತಿಕೊಡಲಿಲ್ಲ.

ನಾಲ್ಕನೆಯ ಬಾಗಿಲಲ್ಲಿ ನಾಯಕ ಕತ್ತಿ ತಿರುಗಿ ಕೇಳಬೇಕು. ಕೊಟ್ರಬಸಪ್ಪ ಕೇಳಿದ ರೀತಿಯಲ್ಲಿ ಅನುಮಾನವಿಲ್ಲ, ದೂರಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದಂತಿತ್ತು. ಮಾಂತ್ರಿಕ ಸುಳ್ಳು ಹೇಳಿದ. ಇವನು "ಆತು ಬಿಡಣ್ಣ" ಎಂದು ಮುಂದೆ ನಡೆದ. ನನಗೆ ಮೈಲಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವನ ಕೈಯಿಂದ ಕತ್ತಿ ಕಿತ್ತುಕೊಳ್ಳಬೇಕು ಅನ್ನಿಸಿತು. ಮೈಲಪ್ಪ ಏನು ಮಾಡಿಯಾನು, ಅವನದು ಪಾತ್ರ.

ಮುಗಿದ ಮೇಲೆ ಎಲ್ಲರೆದುರು ಹೇಳಿದೆ, ನನ್ನ ಗರ್ಜನೆಯ ಪದ ನಾಳೆಯಿಂದ ಬೇಡ. ತೊಂಬತ್ತು ನಿಮಿಷಕ್ಕೆ ಹೊಂದುವುದಿಲ್ಲ, ಬೇರೆ ಕಾರಣವಿಲ್ಲ. ಕ್ರಾಂತಿ ನನ್ನ ಮುಖ ನೋಡಿದಳು. "ನೋಡಬ್ಯಾಡ, ಟೈಮ್ ಸಾಲಂಗಿಲ್ಲ" ಎಂದೆ.

"ನೀನ ಮಾಡು ಈ ಪಾತ್ರ" ಎಂದು ಕೊಟ್ರಬಸಪ್ಪನಿಗೂ ಹೇಳಿದೆ. "ಕುಣಿಯಾಕ ಆಗಂಗಿಲ್ರಿ, ಮಂಡಿ ಹೋಗ್ಯಾವ. ಹುಲುಗೇಶಗ ತೋರಿಸ್ತೀನಿ" ಎಂದ. ಅವನಿಗೆ ಮೂವತ್ತು ವರ್ಷವಿದ್ದಾಗ ಮಂಡಿ ಚೆನ್ನಾಗಿದ್ದವು. ಸಾಕು, ಕಣ್ಣು ಎಳೆಯುತ್ತಿವೆ.

ಫೆಬ್ರವರಿ 1, ಗುರುವಾರ

ಬರೆದುಬಿಡುತ್ತೇನೆ. ಯಾರೂ ಓದುವುದಿಲ್ಲ.

ಎಂಬತ್ತಾರರಿಂದ ತೊಂಬತ್ತಾರರ ತನಕ. ಪ್ರತಿ ದೀಪಾವಳಿಗೆ ಪಾತ್ರ ಹಂಚುವಾಗ ಅವನು ಬಾಗಿಲ ಹೊರಗೆ ನಿಲ್ಲುತ್ತಿದ್ದ. ನಾನು ಹೊರಗೆ ಬಂದು ಹೇಳುತ್ತಿದ್ದೆ, 'ಹಿರೇರು ಈ ಸಲ ಒಪ್ಪಲಿಲ್ಲೋ ಕೊಟ್ರ, ಮುಂದಿನ ವರ್ಷ ನಾಯಕ ನೀನ'. ಅವನು ಹೌದ್ರಿ ಅನ್ನುತ್ತಿದ್ದ. ಆಮೇಲೆ ಮೂರು ತಿಂಗಳು ತಾಲೀಮಿಗೆ ಬಂದು ಬಾಗಿಲಲ್ಲಿ ಕೂತು ಕೇಳುತ್ತಿದ್ದ. ಆಟದ ದಿನ ಪೆಟ್ಟಿಗೆ ಹೊರುತ್ತಿದ್ದ, ಪರದೆಯ ಹಿಂದೆ ನಿಂತು ಹಿಮ್ಮೇಳಕ್ಕೆ ದನಿ ಕೊಡುತ್ತಿದ್ದ. ಕೂಡ್ಲಿಗಿ, ಇಟ್ಟಿಗಿ, ಹಗರಿಬೊಮ್ಮನಹಳ್ಳಿ, ಎಲ್ಲಿ ಆಡಿದರೂ ಬೆನಕಪ್ಪ ಮಾಸ್ತರನ ಪದ ಏಳುತ್ತದೆ ಎಂದು ಜನ ಅನ್ನುತ್ತಿದ್ದರು. ಏಳಿಸುತ್ತಿದ್ದ ದನಿ ಅವನದು. ಅದು ಬೇಕಾಗಿತ್ತು ನನಗೆ.

ಹಿರಿಯರು ಒಪ್ಪಲಿಲ್ಲ ಅಂದೆನಲ್ಲ, ಅದೇ ಸುಳ್ಳು. ನಾನು ಅವರನ್ನು ಕೇಳಲೇ ಇಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಕೇಳಿದರೆ ನನ್ನನ್ನೇ ಹೊರಗೆ ಹಾಕಿಯಾರು ಎಂಬ ಹೆದರಿಕೆ. ಹನ್ನೆರಡನೆಯ ವರ್ಷ ಅವನು ಬರಲಿಲ್ಲ. ಯಾಕೆ ಎಂದು ನಾನು ವಿಚಾರಿಸಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಕೊಟ್ಟೂರಿನ ಬಸ್ಸಿನಲ್ಲಿ ಅವನಿದ್ದರೆ ನಾನು ಮುಂದಿನ ಬಸ್ಸಿಗೆ ಹೋಗುತ್ತಿದ್ದೆ.

ಫೆಬ್ರವರಿ 6, ಮಂಗಳವಾರ

ಗುರುಬಸವರಾಜ ಬಂದ. ಬರುತ್ತಾನೆ ಎಂದು ಎರಡು ವರ್ಷದಿಂದ ಕಾಯುತ್ತಿದ್ದೆ, ಬಂದೇ ಬಿಟ್ಟ. ದಾವಣಗೆರೆಯ ಮಾಸ್ತರ ಆಟಕ್ಕೆ ಐದು ದಿನ ಇರುವಾಗ ಕೈಕೊಟ್ಟು ಹೋಗಿದ್ದಾನೆ. ಸ್ಕೂಟಿ ನಿಲ್ಲಿಸಿ, ಕಟ್ಟೆಯ ಮೇಲೆ ಕೂತು, ನಾಗಲಿಂಗಮ್ಮ ಕೊಟ್ಟ ಮಜ್ಜಿಗೆ ಕುಡಿದು ವಿಷಯಕ್ಕೆ ಬಂದ.

"ನಮ್ಮ ಮ್ಯಾಳಕ್ಕ ವಾಪಸ್ ಬರ್ರಿ ಮಾಸ್ತರ್ರ. ಹಡಗಲಿಗೂ ನೀವ ಬರ್ರಿ, ಆಮ್ಯಾಲ ಕಾಯಂ ನೀವ. ಆ ಓಣಿ ಸಾವಾಸ ಸಾಕು."

ಒಪ್ಪಿಕೊಳ್ಳುವವನಿದ್ದೆ. ಬಾಯಿ ತುದಿಗೆ ಬಂದಿತ್ತು. ಅಷ್ಟರಲ್ಲಿ ಆ ಮೂರ್ಖ ನಕ್ಕು, "ಅದೇನೋ ಕತ್ತಿ ಕೊಡೋ ನಾಯಕನಂತಲ್ರಿ. ಎಂಥಾ ಪೆದ್ದ ಅವ. ಅಂಥವನ್ನ ಯಾರು ನೋಡ್ತಾರ?" ಎಂದ.

"ಪೆದ್ದ ಅಂತ ನಿನಗ್ಯಾರು ಹೇಳಿದ್ರು?" ಎಂದೆ. "ಕತ್ತಿ ಇದ್ದವ ಬೀಸ್ತಾನ, ಅದರಾಗ ಏನೈತಿ ದೊಡ್ಡಸ್ತನ? ಮೋಸ ಮಾಡೋನ ಕೈ ನೊಂದೀತು ಅಂತ ಮರುಗೋದು ನಿನ್ನ ಕೈಲಿ ಆಗತೈತೇನು? ನನ್ನ ಕೈಲಿ ಆಗತೈತೇನು? ನಮ್ಮ ಕೈಲಿ ಆಗದ್ದನ್ನ ಮಾಡೋನ ನಾಯಕ. ಗೊಬ್ಬರದ ಅಂಗಡಿ ಇಟ್ಟವಗ ಇದೇನ್ ತಿಳೀತೈತಿ, ಹೋಗು."

ಅವನ ಮುಖ ಕಪ್ಪಾಯಿತು. ಮಜ್ಜಿಗೆ ಲೋಟ ಕಟ್ಟೆಯ ಮೇಲೆ ಕುಕ್ಕಿ, "ಇನ್ನ ನಿಮ್ಮನ್ನ ಯಾರೂ ಕರಿಯಂಗಿಲ್ಲ, ತಿಳ್ಕೊಂಡಿರ್ರಿ" ಎಂದು ಹೋದ. ಹೋಗಲಿ. ನಾನು ಕಲಿಸಿದ ಆಟವನ್ನು ಬೈದರೆ ನನ್ನನ್ನೇ ಬೈದಂತೆ, ಅದಕ್ಕೇ ರೇಗಿದ್ದು. ಆ ನಾಯಕನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ತಾಲೀಮಿಗೆ ಹೊರಟಾಗ ಫ್ಲಾಸ್ಕು ಮರೆತೆ. ಅಲ್ಲಿ ಕೊಟ್ರಬಸಪ್ಪನ ಹೆಂಡತಿ ಉಚ್ಚಂಗೆಮ್ಮ ಎಲ್ಲರಿಗೂ ಚಹಾ ಮಾಡಿದ್ದಳು. ಶುಂಠಿ ಜಾಸ್ತಿಯಾಗಿತ್ತು.

ಫೆಬ್ರವರಿ 11, ಭಾನುವಾರ

ಹಡಗಲಿ. ಹನ್ನೊಂದು ಗಂಟೆಯ ಬಿಸಿಲು, ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಕುರ್ಚಿಗಳು, ತೀರ್ಪುಗಾರರ ಟೇಬಲ್ ಮೇಲೆ ಗಡಿಯಾರ. ನಾನು ಸಾರಥಿ. ಯಾರು ನೀನು ಎಂದು ಕೇಳಿದೆ. ಹುಲುಗೇಶ್ 'ಗೊತ್ತಿಲ್ಲ' ಎಂದ. ಜನ ನಕ್ಕರು. ಮುಗಿಯಿತು ಅಂದುಕೊಂಡೆ.

ಹುಲುಗೇಶ್ ಹಿಡಿಕೆ ಒರೆಸಿ ಕತ್ತಿ ಕೊಟ್ಟ. ನಗು ನಿಂತಿತು. ಮೂರನೆಯ ಬಾಗಿಲಿಗೆ ಗುಸುಗುಸು ಮಾತೂ ನಿಂತಿತು. ಆರನೆಯ ಬಾಗಿಲಲ್ಲಿ ಮಾಂತ್ರಿಕ 'ಇನ್ನೊಂದೇ ಬಾಗಿಲು ತಮ್ಮಾ' ಎಂದಾಗ ಹಿಂದಿನ ಸಾಲಿನಲ್ಲಿ ಒಬ್ಬಳು ಮುದುಕಿ ಎದ್ದು ನಿಂತು ಕೂಗಿದಳು, "ನಂಬಬ್ಯಾಡೋ ಯಪ್ಪಾ, ಕೊಡಂಗಿಲ್ಲವ ನಿನಗ". ಯಾರೂ ನಗಲಿಲ್ಲ. ಹುಲುಗೇಶ್ ಅವಳ ಕಡೆ ತಿರುಗಿ, ಕೈ ಮುಗಿದು, ಮುಂದಿನ ಬಾಗಿಲಿಗೆ ನಡೆದ. ನಾನು ಪದ ಎತ್ತಬೇಕಿತ್ತು, ಆ ಮುದುಕಿಯನ್ನೇ ನೋಡುತ್ತ ಮರೆತೆ. ಪರದೆಯ ಹಿಂದಿನಿಂದ ಕೊಟ್ರಬಸಪ್ಪ ಎತ್ತಿಕೊಂಡ.

ಬಹುಮಾನ ಬರಲಿಲ್ಲ. ಮೊದಲನೆಯದು ಗುರುಬಸವರಾಜನ ಮೇಳಕ್ಕೆ, ಕಿರೀಟ ಥಳಥಳ, ಯುದ್ಧ ಮೂರು. ತೀರ್ಪುಗಾರರಲ್ಲಿ ಒಬ್ಬರು ಮೈಕ್ ಹಿಡಿದು, "ಪ್ರಯತ್ನ ಚೆನ್ನಾಗಿದೆ, ಆದರೆ ನಾಯಕ ತೀರಾ ಮುಗ್ಧ, ವೀರರಸ ಇಲ್ಲ, ನಾಯಕನ ಲಕ್ಷಣವೇ ಇಲ್ಲ" ಎಂದರು.

ನಾನು ಎದ್ದೆ. ಕ್ರಾಂತಿ ನನ್ನ ಅಂಗಿ ಎಳೆದಳು, ಬಿಡಿಸಿಕೊಂಡೆ.

"ಸ್ವಾಮಿ, ಮೂರು ಯುದ್ಧ ನಡೀತಲ್ಲ, ಆಗ ಯಾವ ಮುದುಕಿ ಎದ್ದು ನಿಂತು ಕೂಗಿದ್ಲು? ಆ ನಾಯಕ ಸತ್ತಿದ್ರ ಯಾರಾದ್ರೂ ಕಣ್ಣಾಗ ನೀರು ಹಾಕ್ತಿದ್ರೇನು? ಇವಗ ಏನಾಗತೈತೋ ಅಂತ ಇಡೀ ಮಂಟಪ ಉಸಿರು ಹಿಡಕೊಂಡು ಕುಂತಿತ್ತು. ಇನ್ನೇನು ಬೇಕ್ರಿ ಲಕ್ಷಣ? ನಿಮ್ಮ ಗಡಿಯಾರದಾಗ ಐತೇನು?"

ಇಬ್ಬರು ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ಟೆಂಪೋದಲ್ಲಿ ಊರು ಬರುವವರೆಗೆ ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. ಸೋತವರು ಅವರು, ಸಮಾಧಾನ ನನಗೆ.

ಫೆಬ್ರವರಿ 12, ಸೋಮವಾರ

ಬೆಳಿಗ್ಗೆ ಎದ್ದವನೇ ಕೊಟ್ರಬಸಪ್ಪನ ಮನೆಗೆ ಹೋದೆ. ಅಂಗಳದಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದ. ಕ್ರಾಂತಿ ಡ್ಯೂಟಿಗೆ ಹೋಗಿದ್ದಳು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದೆ, ಅಲ್ಲಿ ಯಾವುದೂ ಬರಲಿಲ್ಲ. ಒಂದೇ ಉಸಿರಿನಲ್ಲಿ ಹೇಳಿದೆ.

"ಕೊಟ್ರಬಸಪ್ಪ, ಹಿರೇರು ಒಪ್ಪಲಿಲ್ಲ ಅಂತಿದ್ನಲ್ಲ, ಅದು ಸುಳ್ಳು. ನಾನು ಕೇಳೇ ಇಲ್ಲ. ಒಂದ್ ವರ್ಷಾನೂ ಕೇಳಿಲ್ಲ."

ಅವನು ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ ಮಾಸ್ತರ್ರ."

"ಮಗಳು ಹೇಳಿದ್ಲೇನು?"

"ಆಕಿಗೇನು ಗೊತ್ರಿ. ಎರಡನೇ ವರ್ಷನ ನಾನು ಗೌಡ್ರನ್ನ ಕೇಳಿದ್ದೆ, ಯಾಕ್ರಿ ಒಪ್ಪವಲ್ರಿ ಅಂತ. 'ಬೆನಕಪ್ಪ ಯಾವತ್ತೂ ನಿನ್ನ ಹೆಸರ ಎತ್ತಿಲ್ಲಲ್ಲೋ' ಅಂದ್ರು."

ನನ್ನ ಕೈಯಲ್ಲಿ ಉಚ್ಚಂಗೆಮ್ಮ ಕೊಟ್ಟ ಚಹಾದ ಲೋಟವಿತ್ತು. ಕೆಳಗಿಟ್ಟೆ.

"ಮತ್ಯಾಕ ಬಂದಿ? ಇನ್ನೂ ಒಂಬತ್ತು ವರ್ಷ ಯಾಕ ಬಂದಿ? ನಾನು ಮುಂದಿನ ವರ್ಷ ಅಂದ್ರ ಹೌದ್ರಿ ಅಂತಿದ್ದಿ."

"ಗೊತ್ತೈತಿ ಅಂದಿದ್ರ ನೀವು ನನ್ನ ಬಾಗಲಾಗ ಸೈತ ಕೂಡಗೊಡ್ತಿದ್ದಿಲ್ಲ. ನನ್ನ ಮಾರಿ ನೋಡಾಕ ನಿಮಗ ನಾಚಿಕಿ ಬರ್ತಿತ್ತು. ನಂಬೀನಿ ಅಂತ ತಿಳಕೊಂಡ್ರಿ, ಅದಕ್ಕ ಬಿಟ್ಕೊಂಡ್ರಿ. ನನಗ ಪದ ಬೇಕಾಗಿದ್ವು ಮಾಸ್ತರ್ರ. ವರ್ಷಕ್ಕೊಂದು ಆಟ. ಹನ್ನೊಂದು ವರ್ಷ, ಹನ್ನೊಂದು ನಾಯಕರು. ಎಲ್ಲಾ ಬಾಯಿಗೆ ಬರ್ತಾವ. ಹುಲುಗೇಶಗ, ಮೈಲಪ್ಪಗ ನಾನ ಕಲಿಸೀನಿ, ನಮ್ಮ ಓಣ್ಯಾಗ ಹೊಲಕ್ಕ ಹೋಗೋ ಹೆಣ್ಮಕ್ಕಳಿಗೂ ಬರ್ತಾವ."

"ಹನ್ನೆರಡನೇ ವರ್ಷ ಯಾಕ ಬರಲಿಲ್ಲ?"

"ನಿಮ್ಮ ಹತ್ರ ಹನ್ನೆರಡನೇದ್ದು ಇರಲಿಲ್ಲಲ್ರಿ. ಮೊದಲನೇದ್ದ ತಿರುಗಿ ಶುರು ಮಾಡಿದ್ರಿ."

ಅಷ್ಟು ಹೇಳಿ ಒಂದು ಹಿಡಿ ಹುಣಸೆಹಣ್ಣು ಕಾಗದದಲ್ಲಿ ಕಟ್ಟಿ, "ಮನ್ಯಾಗ ಅಕ್ಕಗ ಕೊಡ್ರಿ" ಎಂದು ನನ್ನ ಕೈಗಿಟ್ಟ. ಅದೇ ನಗು.

ಫೆಬ್ರವರಿ 13, ಮಂಗಳವಾರ

ಮೋಸಗಾರ. ನನ್ನನ್ನೇ ಕುಣಿಸಿದ. ಇಪ್ಪತ್ತೇಳು ವರ್ಷ ನಾನು ಬಸ್ಸು ಬಿಟ್ಟು ಕಾದದ್ದು ಯಾರಿಗಾಗಿ? ನನಗೇ ಹೊಟ್ಟೆಯಲ್ಲಿ ಕಲ್ಲು ಹೊತ್ತಂತಿತ್ತು, ಅವನು ಹಾಯಾಗಿ ನನ್ನ ಪದ ಹಾಡಿಕೊಂಡು ಹೊಲಕ್ಕೆ ಹೋಗುತ್ತಿದ್ದ.

ನಾಗಲಿಂಗಮ್ಮನಿಗೆ ಹೇಳಿದೆ. ಹುಣಸೆಹಣ್ಣಿನ ಬೀಜ ಆರಿಸುತ್ತ ಕೇಳಿದಳು. ಅವಳು ನಕ್ಕಿದ್ದನ್ನು ಇಷ್ಟು ಜೋರಾಗಿ ನಾನು ಯಾವತ್ತೂ ಕೇಳಿಲ್ಲ.

"ಅಂದ್ರ ನಂಬಿದವರು ನೀವಾ," ಎಂದಳು.

ಫೆಬ್ರವರಿ 14, ಬುಧವಾರ

ಹಾರ್ಮೋನಿಯಂ ಗೂಡಿಗೆ ಸೇರಿಸಿದೆ.

ಫೆಬ್ರವರಿ 17, ಶನಿವಾರ

ಕಾಲನಿಯಲ್ಲಿ ಏಪ್ರಿಲ್‌ಗೆ ಇದೇ ಆಟವನ್ನು ಇಡೀ ರಾತ್ರಿ ಆಡುತ್ತಾರಂತೆ. ಮಾಸ್ತರ ಯಾರು ಎಂದು ಮೈಲಪ್ಪನನ್ನು ಕೇಳಿದೆ. ಅವನು ಕಂಬದ ಮೇಲಿಂದಲೇ, "ದೊಡ್ಡಪ್ಪ ಅದಾನಲ್ರಿ" ಎಂದ. ಕೊಟ್ರಬಸಪ್ಪ. ಸರಿ, ಇನ್ಯಾರು.

ಸಂಜೆ ಸುಮ್ಮನೆ ಆ ಕಡೆ ಹೋದೆ. ಭವನದಲ್ಲಿ ತಾಲೀಮು ನಡೆದಿತ್ತು. ಕ್ರಾಂತಿ ಒಳಗೆ ಬರ್ರಿ ಎಂದಳು, ಚಪ್ಪಲಿ ಬಿಚ್ಚುವುದು ಯಾರಿಗೆ ಬೇಕು ಎಂದು ಬಾಗಿಲಲ್ಲೇ ಕೂತೆ. ಕೊಟ್ರಬಸಪ್ಪ ನಾಲ್ಕನೆಯ ಬಾಗಿಲಲ್ಲಿ ಕತ್ತಿ ತಿರುಗಿ ಕೇಳುವ ಮಾತನ್ನು ಹುಲುಗೇಶನಿಗೆ ಹೇಳಿಕೊಡುತ್ತಿದ್ದ. ನಾನೂ ಬಾಯೊಳಗೆ ಅಂದುಕೊಂಡು ನೋಡಿದೆ. ನಾನು ಅಂದರೆ ಅದು ದೂರಿನಂತಾಗುತ್ತದೆ, ಇಲ್ಲವೇ ಗುಡುಗಾಗುತ್ತದೆ. ಮನೆಯಲ್ಲೂ ಮೂರು ದಿನದಿಂದ ಅಂದು ನೋಡಿದ್ದೇನೆ, ಬರುತ್ತಿಲ್ಲ. ನಲವತ್ತು ವರ್ಷ ಕಲಿಸಿದವನಿಗೆ ನಾಲ್ಕು ಮಾತು ಬರುವುದಿಲ್ಲ ಅಂದರೆ ಏನು.

ಎಲ್ಲರೂ ಹೋಗುವವರೆಗೆ ಕಾದು ಕೇಳಿದೆ.

"ಕೊಟ್ರಬಸಪ್ಪ, ಆ ನಾಲ್ಕನೇ ಬಾಗಲದ ಮಾತು ನನಗ ಕಲಿಸ್ರಿ."

ಅವನು ಕಸಬರಿಗೆ ಹಿಡಿದು ಭವನ ಗುಡಿಸುತ್ತಿದ್ದ. ತಲೆ ಎತ್ತಲಿಲ್ಲ.

"ಆತ್ರಿ ಮಾಸ್ತರ್ರ. ನಾಳೆ ಬರ್ರಿ, ಕಲಿಸ್ತೀನಿ."

ನಿಜವಾಗಿ ಅಂದನೋ, ಸುಮ್ಮನೆ ಅಂದನೋ, ದನಿಯಲ್ಲಿ ತಿಳಿಯಲಿಲ್ಲ. ನಾಳೆ ಹೋಗುತ್ತೇನೆ.